ಚೆಲ್ಟನ್‌ಹ್ಯಾಮಿನ ಎಳೆಗುದುರೆಗಳು

ವಿದರ್ಭಕ್ಕೆ ಒಂದೇ ಹಗಲಿನಲ್ಲಿ ತಲುಪಬೇಕೆಂಬ ಆತುರದಲ್ಲಿದ್ದ ಋತುಪರ್ಣ ಮಹಾರಾಜನಿಗೆ, ಸಾರಥಿ ಬಾಹುಕನು ಲಾಯದಿಂದ ಆರಿಸಿ ತಂದ ಕುದುರೆಗಳನ್ನು ನೋಡಿ ಕೋಪವೇ ಬಂದಿತು. ಬಡಕಲು ಮೈಯ ಈ ಪ್ರಾಣಿಗಳು ಅಷ್ಟು ದೂರವನ್ನು ಹೇಗೆ ಓಡಿಯಾವು, ಸಾರಥಿಯು ತನ್ನನ್ನು ವಂಚಿಸಲು ಹೊರಟಿರುವನೋ ಎಂದು ಅವನು ಶಂಕಿಸಿದನು. ಬಾಹುಕನು, ಎಂದರೆ ರೂಪ ಮರೆಸಿಕೊಂಡಿದ್ದ ನಳನು, ಕುದುರೆಗಳ ಮೈಮೇಲಿನ ಸುಳಿಗಳನ್ನು ತೋರಿಸಿ, ಓಡತಕ್ಕವು ಇವೇ ಎಂದನು, ಓಡಿಸಿಯೂ ತೋರಿಸಿದನು. ಮಹಾಭಾರತದ ಈ ಪ್ರಸಂಗದಲ್ಲಿ ಮುಂದೆ ನಡೆಯುವ ವಿನಿಮಯವು ಇನ್ನೂ ಸ್ವಾರಸ್ಯವಾದುದು. ರಾಜನು ಸಾರಥಿಗೆ ಅಕ್ಷಹೃದಯವನ್ನು, ಅಂದರೆ ದಾಳಗಳ ಮರ್ಮವನ್ನು ಉಪದೇಶಿಸುತ್ತಾನೆ; ಸಾರಥಿಯು ಪ್ರತಿಯಾಗಿ ಅಶ್ವಹೃದಯವನ್ನು ಕೊಡಲು ಒಪ್ಪುತ್ತಾನೆ. ಕುದುರೆಯ ವಿದ್ಯೆಗೂ ಜೂಜಿನ ವಿದ್ಯೆಗೂ ಅಂದು ಬಿದ್ದ ಗಂಟು ಇಂದಿಗೂ ಬಿಚ್ಚಿಲ್ಲ.

ಆ ಗಂಟನ್ನು ಅತಿ ಬಿಗಿಯಾಗಿ ಕಾಣಬೇಕಾದರೆ ಮಾರ್ಚ್ ತಿಂಗಳ ನಡುವಿನಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿಗೆ ಹೋಗಬೇಕು. ಅಲ್ಲಿ ಚೆಲ್ಟನ್‌ಹ್ಯಾಮ್ ಪಟ್ಟಣದ ಅಂಚಿನಲ್ಲಿ, ಕ್ಲೀವ್ ಬೆಟ್ಟದ ಬುಡಕ್ಕೆ ಒರಗಿಕೊಂಡಂತೆ, ಪ್ರೆಸ್ಟ್‌ಬರಿ ಪಾರ್ಕ್ ಎಂಬ ರೇಸು ಮೈದಾನವಿದೆ. ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕು ದಿನ ಅಲ್ಲಿ ನಡೆಯುವ ಹಬ್ಬಕ್ಕೆ ಐರ್ಲೆಂಡಿನವರು ಸಮುದ್ರ ದಾಟಿ ಬರುತ್ತಾರೆ. ಪಾದ್ರಿಗಳು, ರೈತರು, ಜಮೀನುದಾರರು, ಬುಕ್ಕಿಗಳು ಎಲ್ಲರೂ ಒಂದೇ ಬೇಲಿಗೆ ಆತುಕೊಂಡು ನಿಲ್ಲುತ್ತಾರೆ. ಮೊದಲ ದಿನದ ಮೊದಲ ಪಂದ್ಯಕ್ಕೆ ಕುದುರೆಗಳು ಹೊರಟೊಡನೆ ಇಡೀ ಜನಸ್ತೋಮದಿಂದ ಒಂದು ಗರ್ಜನೆ ಏಳುತ್ತದೆ. ಅದಕ್ಕೆ ‘ಚೆಲ್ಟನ್‌ಹ್ಯಾಮಿನ ಗರ್ಜನೆ’ ಎಂದೇ ಹೆಸರು ಬಿದ್ದಿದೆ. ಗಮನಿಸಬೇಕಾದುದೇನೆಂದರೆ, ಆ ಗರ್ಜನೆಯು ಏಳುವುದು ಪ್ರಖ್ಯಾತ ಕುದುರೆಗಳಿಗಾಗಿ ಅಲ್ಲ. ಆ ಪಂದ್ಯದ ಹೆಸರು ಸುಪ್ರೀಮ್ ನಾವಿಸಸ್ ಹರ್ಡಲ್. ಓಡುವವೆಲ್ಲ ಬೇಲಿ ಹಾರುವ ವಿದ್ಯೆಯಲ್ಲಿ ಆ ಚಳಿಗಾಲದ ಹೊಸಬರು.

ಬೆಂಗಳೂರಿನ ರೇಸುಗಳನ್ನು ಬಲ್ಲವರಿಗೆ ಇದು ಸ್ವಲ್ಪ ವಿಚಿತ್ರವಾಗಿ ತೋರಬಹುದು. ನಮ್ಮಲ್ಲಿ ಕುದುರೆಗಳು ಓಡುವುದು ಸಮತಟ್ಟಾದ ಹುಲ್ಲಿನ ಮೇಲೆ. ದಾರಿಗೆ ಅಡ್ಡವಾಗಿ ಏನೂ ಇರುವುದಿಲ್ಲ. ಅಂಥ ಓಟದಲ್ಲಿ ಒಳ್ಳೆಯ ಗಂಡು ಕುದುರೆಯ ಬಾಳ್ವೆ ಮೂರನೆಯ ನಾಲ್ಕನೆಯ ವಯಸ್ಸಿಗೇ ಮುಗಿದು, ಅದು ತಳಿಯ ಲಾಯಕ್ಕೆ ಹೋಗುತ್ತದೆ. ಹಾರುವ ಕುದುರೆಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಿನವು ಬೀಜ ಒಡೆಸಿದವು. ತಳಿಯ ಬೆಲೆ ಅವಕ್ಕಿಲ್ಲ. ಆದಕಾರಣ ಹತ್ತು ಹನ್ನೆರಡು ವರ್ಷವಾಗುವವರೆಗೆ ಅವು ಓಡುತ್ತಲೇ ಇರುತ್ತವೆ, ಜನರೂ ಅವುಗಳ ಜೊತೆಯಲ್ಲಿಯೇ ವರ್ಷಗಳನ್ನು ಕಳೆಯುತ್ತಾರೆ. ಸತತವಾಗಿ 1964, 1965, 1966ರಲ್ಲಿ ಗೋಲ್ಡ್ ಕಪ್ ಗೆದ್ದ ಐರ್ಲೆಂಡಿನ ಆರ್ಕಲ್ ಕುದುರೆಯನ್ನು ಅಲ್ಲಿಯ ಜನ ಊರಿನ ಹಿರಿಯನಂತೆ ನೆನೆಯುವುದಕ್ಕೆ ಕಾರಣ ಇದೇ. ಇಂದು ಐದು ವರ್ಷದ ಮರಿಯಾಗಿ ಬಂದದ್ದು ನಾಳೆ ಆರ್ಕಲ್ ಆದೀತೇ ಎಂಬ ಕುತೂಹಲವೇ ಆ ಗರ್ಜನೆಯ ಮೂಲ.

ಹೊಸಬರಿಗೆಂದೇ ಮೀಸಲಾದ ಹರ್ಡಲ್ ಪಂದ್ಯಗಳು ಹಬ್ಬದಲ್ಲಿ ಹಲವಿವೆ. ಸುಪ್ರೀಮ್ ಪಂದ್ಯವು ಎರಡು ಮೈಲಿಗಿಂತ ತುಸು ಹೆಚ್ಚು. ಅದು ವೇಗದ ಪರೀಕ್ಷೆ. ಎರಡು ಮೈಲಿ ಐದು ಫರ್ಲಾಂಗಿನದು ಒಂದು, ಮೂರು ಮೈಲಿಯದು ಇನ್ನೊಂದು. ಅಲ್ಲಿ ಉಸಿರಿಗೆ ಬೆಲೆ. ಹೆಣ್ಣು ಕುದುರೆಗಳಿಗೆ ಪ್ರತ್ಯೇಕವಾದುದೂ ಉಂಟು. ನಾಲ್ಕು ವರ್ಷದವಕ್ಕೆ ಮಾತ್ರ ಪ್ರವೇಶವಿರುವ ಟ್ರಯಂಫ್ ಹರ್ಡಲ್ ಇವೆಲ್ಲಕ್ಕಿಂತ ಅಪಾಯಕರ ಸ್ಪರ್ಧೆ. ‘ಹೊಸಬ’ ಎಂಬ ಪದಕ್ಕೆ ಅಲ್ಲಿ ಖಚಿತವಾದ ಅರ್ಥವಿದೆ: ಹಿಂದಿನ ಋತು ಮುಗಿಯುವವರೆಗೆ ಆ ಬಗೆಯ ಪಂದ್ಯವೊಂದನ್ನೂ ಗೆಲ್ಲದಿದ್ದ ಕುದುರೆ. ಹೀಗಾಗಿ ಎಂಟು ವರ್ಷದ್ದೂ ಹೊಸಬನಾಗಬಹುದು. ಆದರೆ ಗೆಲ್ಲುವವು ಬಹುಮಟ್ಟಿಗೆ ಐದು ಆರು ವರ್ಷದವೇ.

ಇವುಗಳ ಯೋಗ್ಯತೆಯನ್ನು ಮುಂಚಿತವಾಗಿ ಅಳೆಯುವುದು ಹೇಗೆ? ನವೆಂಬರಿನಿಂದ ಫೆಬ್ರವರಿಯವರೆಗೆ ಇಂಗ್ಲೆಂಡ್ ಐರ್ಲೆಂಡುಗಳ ಪತ್ರಿಕೆಗಳು ಇದೊಂದು ಪ್ರಶ್ನೆಗೆ ಕಾಗದ ಸುರಿಯುತ್ತವೆ. ಮೊದಲು ಎಲ್ಲರೂ ನೋಡುವುದು ಕುದುರೆಯ ಹೆಸರಿನ ಮುಂದೆ ಅಚ್ಚಾಗುವ ಅಂಕಿಗಳನ್ನು. ಒಂದು ಎಂದರೆ ಗೆಲುವು, ಎರಡು ಎಂದರೆ ಎರಡನೆಯ ಸ್ಥಾನ. ಬಿದ್ದಿದ್ದರೆ ‘ಎಫ್’ ಎಂಬ ಅಕ್ಷರ, ನಡುವೆ ಓಟ ನಿಲ್ಲಿಸಿದ್ದರೆ ‘ಪಿ’. ಸಾಲಾಗಿ ನಾಲ್ಕು ಒಂದುಗಳಿದ್ದ ಕುದುರೆಯ ಹಿಂದೆ ಹಣ ಹರಿಯುತ್ತದೆ. ಆದರೆ ಸಣ್ಣ ಊರಿನ ಮೈದಾನದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಏಳು ದುರ್ಬಲ ಕುದುರೆಗಳನ್ನು ಸೋಲಿಸಿ ಬಂದ ‘ಒಂದು’ ಬೇರೆ, ಫೆಬ್ರವರಿಯ ಮೊದಲಲ್ಲಿ ಡಬ್ಲಿನ್ನಿನ ಲೆಪರ್ಡ್ಸ್‌ಟೌನಿನಲ್ಲಿ ಆಯ್ದ ಕುದುರೆಗಳ ನಡುವೆ ಬಂದ ‘ಮೂರು’ ಬೇರೆ. ಅಂಕಿಯು ಸ್ಥಾನವನ್ನು ಹೇಳುತ್ತದೆ, ಯಾರೊಡನೆ ಎಂಬುದನ್ನು ಹೇಳುವುದಿಲ್ಲ.

‘ಎಫ್’ ಅಕ್ಷರವಂತೂ ಇನ್ನೂ ಮೋಸದ್ದು. 2022ರ ಹಬ್ಬದಲ್ಲಿ ಗಾಲೊಪಾಂ ದೆ ಶಾಂ ಎಂಬ ಫ್ರೆಂಚ್ ಹೆಸರಿನ ಐರಿಷ್ ತರಬೇತಿಯ ಕುದುರೆ ಹೊಸಬರ ಸ್ಟೀಪಲ್‌ಚೇಸಿನಲ್ಲಿ ಎಲ್ಲರನ್ನೂ ಬಹುದೂರ ಹಿಂದಿಕ್ಕಿ ಕೊನೆಯ ಬೇಲಿಗೆ ಬಂದಿತು. ಬೇಲಿಯನ್ನು ದಾಟಿತು, ನೆಲ ಮುಟ್ಟಿದಾಗ ಮುಂಗಾಲು ಜಾರಿ ಕುಸಿಯಿತು. ಹಿಂದೆ ಎಲ್ಲಿಯೋ ಇದ್ದ ಬಾಬ್ ಒಲಿಂಜರ್ ಗೆದ್ದಿತು. ದಾಖಲೆಯ ಪುಸ್ತಕದಲ್ಲಿ ಆ ದಿನ ಅದರ ಹೆಸರಿಗೆ ಉಳಿದದ್ದು ಒಂದು ‘ಎಫ್’ ಮಾತ್ರ. ಆದರೆ ಕಣ್ಣಿದ್ದವರು ಕಂಡದ್ದು ಆ ವರ್ಷದ ಅತ್ಯುತ್ತಮ ಹೊಸಬನನ್ನು. 2023, 2024ರ ಎರಡು ಗೋಲ್ಡ್ ಕಪ್ಪುಗಳನ್ನು ಅದೇ ಕುದುರೆ ಗೆದ್ದಿತು.

ಗೆಲುವಿನ ಅಂತರವನ್ನು ನೋಡಿ ಬೆರಗಾಗುವುದೂ ಹಾಗೆಯೇ. ಒಮ್ಮೆ ನಿಜವಾಗುತ್ತದೆ, ಮತ್ತೊಮ್ಮೆ ಹುಸಿಯಾಗುತ್ತದೆ. ಅದೇ 2022ರಲ್ಲಿ ಕಾನ್ಸ್‌ಟಿಟ್ಯೂಷನ್ ಹಿಲ್ ಸುಪ್ರೀಮ್ ಪಂದ್ಯವನ್ನು 22 ಕುದುರೆಯುದ್ದಗಳಿಂದ, ಆ ಹಾದಿಯ ದಾಖಲೆಯನ್ನು ಮುರಿದು ಗೆದ್ದಿತು. ಇಂಥ ಅಂತರವು ಆ ಪಂದ್ಯದಲ್ಲಿ ಅಪೂರ್ವ. ಮರುವರ್ಷ ಅದು ಚಾಂಪಿಯನ್ ಹರ್ಡಲನ್ನೂ ಗೆದ್ದು ಜನರ ಬೆರಗನ್ನು ಸಾರ್ಥಕಪಡಿಸಿತು. ಆದರೆ 2016ರ ಸುಪ್ರೀಮನ್ನು ನೋಡಬೇಕು. ಆಲ್ಟಿಯೋರ್ ಮೊದಲನೆಯದು, ಮಿನ್ ಎರಡನೆಯದು. ಇವೆರಡರ ಹಿಂದೆ ಬಂದ ಬುವೂರ್ ದೇರ್ ಎಂಬ ಕುದುರೆಯ ಕಡೆಗೆ ಆ ಮಧ್ಯಾಹ್ನ ಯಾರೂ ಹೆಚ್ಚು ತಿರುಗಿ ನೋಡಿರಲಾರರು. 2017ರಲ್ಲಿಯೂ 2018ರಲ್ಲಿಯೂ ಚಾಂಪಿಯನ್ ಹರ್ಡಲ್ ಗೆದ್ದದ್ದು ಆ ಮೂರನೆಯದೇ. ಗೆದ್ದ ಆಲ್ಟಿಯೋರ್ ದೊಡ್ಡ ಬೇಲಿಗಳ ದಾರಿ ಹಿಡಿದು, ಹರ್ಡಲಿನವೂ ಸೇರಿ ಸತತ ಹತ್ತೊಂಬತ್ತು ಗೆಲುವುಗಳನ್ನು ಪೂರೈಸಿತು, ಆ ಮಾತು ಬೇರೆ. 2000ದ ಸುಪ್ರೀಮಿನಲ್ಲಿ ಎರಡನೆಯದಾಗಿ ಬಂದದ್ದು ಬೆಸ್ಟ್ ಮೇಟ್. ಮುಂದೆ 2002ರಿಂದ ಮೂರು ಗೋಲ್ಡ್ ಕಪ್ಪುಗಳು ಅದರ ಪಾಲಾದವು. ಅಂದು ಅದನ್ನು ಸೋಲಿಸಿದ ಸಾಸಲೀಟೋ ಬೇಯ ಹೆಸರು ಇಂದು ಯಾರ ನೆನಪಿನಲ್ಲಿದೆ? ಸೋತವರ ಪಟ್ಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವವನೇ ಈ ಶಾಸ್ತ್ರದಲ್ಲಿ ಜಾಣನು.

ಹಾಗಾದರೆ ಏನನ್ನು ನೋಡಬೇಕು? ಮೊದಲನೆಯದಾಗಿ ಹಾರುವ ರೀತಿಯನ್ನು. ಹರ್ಡಲ್ ಎಂದರೆ ಸುಮಾರು ಮೂರೂವರೆ ಅಡಿಯ ತಡಿಕೆ, ತಗುಲಿದರೆ ಮಣಿಯುತ್ತದೆ. ದೊಡ್ಡ ಬೇಲಿಯಾದರೋ ನಾಲ್ಕೂವರೆ ಅಡಿಗೆ ಕಡಿಮೆಯಿರುವಂತಿಲ್ಲ, ಮಣಿಯುವುದೂ ಇಲ್ಲ. ತಡಿಕೆ ಮಣಿಯುತ್ತದೆ ಎಂಬುದರಿಂದಲೇ ಎಳೆಗುದುರೆಗಳು ಸೋಮಾರಿತನವನ್ನು ಕಲಿಯುತ್ತವೆ. ಕಾಲನ್ನು ಸಾಕಷ್ಟು ಮಡಿಸದೆ ತಡಿಕೆಯನ್ನು ಒದೆದುಕೊಂಡೇ ಹೋಗುವ ಕುದುರೆ ನಿಧಾನದ ಪಂದ್ಯಗಳಲ್ಲಿ ಗೆದ್ದೇ ಗೆಲ್ಲುತ್ತದೆ. ಚೆಲ್ಟನ್‌ಹ್ಯಾಮಿನಲ್ಲಿ ಇಪ್ಪತ್ತು ಕುದುರೆಗಳು ಮೈಗೆ ಮೈ ತಾಗಿಸಿಕೊಂಡು ಧಾವಿಸುವಾಗ ಎದುರಿನ ತಡಿಕೆಯೇ ಕಾಣುವುದಿಲ್ಲ. ಅಲ್ಲಿ ಒಂದೊಂದು ಒದೆತಕ್ಕೂ ಅರ್ಧ ಕುದುರೆಯುದ್ದ ಹಿಂದೆ ಬೀಳಬೇಕಾಗುತ್ತದೆ. ಎರಡು ಮೈಲಿಯ ಪಂದ್ಯದಲ್ಲಿ ಎಂಟು ತಡಿಕೆಗಳು. ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು. ಹೊಸಬರ ಮಾತು ಹಾಗಿರಲಿ, 2025ರ ಚಾಂಪಿಯನ್ ಹರ್ಡಲಿನಲ್ಲಿ ಕಾನ್ಸ್‌ಟಿಟ್ಯೂಷನ್ ಹಿಲ್ ನಡುದಾರಿಯಲ್ಲಿ ಉರುಳಿತು. ಗೆಲುವು ಕೈಗೆ ಬಂದಂತಿದ್ದ ಸ್ಟೇಟ್ ಮ್ಯಾನ್ ಕೊನೆಯ ತಡಿಕೆಯಲ್ಲಿ ಬಿದ್ದಿತು. ಒಂದಕ್ಕೆ ಇಪ್ಪತ್ತೈದರಂತೆ ಬಾಜಿ ನಡೆದಿದ್ದ ಗೋಲ್ಡನ್ ಏಸ್ ಎಂಬ ಹೆಣ್ಣು ಕುದುರೆ, ನೆಟ್ಟಗೆ ನಿಂತದ್ದಕ್ಕೆ ಫಲವಾಗಿ ಕಿರೀಟವನ್ನು ಹೊತ್ತುಕೊಂಡು ಹೋಯಿತು.

ಎರಡನೆಯದು ಬೆಟ್ಟ. ಮೈದಾನದ ಕೊನೆಯ ಭಾಗದಲ್ಲಿ ಕುದುರೆಗಳು ಇಳಿಜಾರಿನಲ್ಲಿ ಧುಮುಕಿ ಬಂದು, ತಿರುವು ಹಾಯ್ದು, ಗೆಲುವಿನ ಕಂಬದವರೆಗೆ ಏರು ಹತ್ತಬೇಕು. ಇಳಿಜಾರಿನಲ್ಲಿ ಸಮತೋಲ ತಪ್ಪದಿರಬೇಕು, ಏರಿನಲ್ಲಿ ಉಸಿರು ಕಟ್ಟದಿರಬೇಕು. ಚಪ್ಪಟೆ ಮೈದಾನಗಳಲ್ಲಿ ಬಾಣದಂತೆ ಓಡಿದವು ಇಲ್ಲಿ ಕೊನೆಯ ನೂರು ಗಜದಲ್ಲಿ ಕಾಲು ಕಟ್ಟಿದಂತೆ ನಿಲ್ಲುವುದನ್ನು ಪ್ರತಿ ವರ್ಷವೂ ಕಾಣಬಹುದು. 1986ರ ಗೋಲ್ಡ್ ಕಪ್ಪಿನಲ್ಲಿ ಕೊನೆಯ ಬೇಲಿಯ ಬಳಿ ಹಿಂದೆ ಬಿದ್ದಿದ್ದ ಡಾನ್ ರನ್ ಎಂಬ ಹೆಣ್ಣು ಕುದುರೆ ಅದೇ ಏರಿನಲ್ಲಿ ಮತ್ತೆ ಮುಂದಾಗಿ ಗೆದ್ದಿತು. ಚಾಂಪಿಯನ್ ಹರ್ಡಲ್, ಗೋಲ್ಡ್ ಕಪ್ ಎರಡನ್ನೂ ಗೆದ್ದ ಕುದುರೆ ಇಂದಿನವರೆಗೂ ಅದೊಂದೇ. 1983ರಲ್ಲಿ ಹೊಸಬಳಾಗಿ ಅದೇ ಹಬ್ಬಕ್ಕೆ ಬಂದಾಗ ಅದಕ್ಕೆ ದೊರೆತದ್ದು ಎರಡನೆಯ ಸ್ಥಾನ. ಆದ್ದರಿಂದ ಈ ಮೈದಾನದ ಏರನ್ನು ಒಮ್ಮೆ ಹತ್ತಿ ಬಂದ ಎಳೆಗುದುರೆಗೆ, ಅದು ಸೋತಿದ್ದರೂ ಸರಿಯೆ, ಒಂದಿಷ್ಟು ಹೆಚ್ಚು ಬೆಲೆ ಕಟ್ಟುವುದು ನ್ಯಾಯ.

ಕುದುರೆಯು ಯಾವ ಶಾಲೆಯಿಂದ ಬಂದಿತು ಎಂಬುದೂ ವಿಚಾರಣೀಯ. ಐರ್ಲೆಂಡಿನ ಹಳ್ಳಿಗಳ ಹೊಲಗಳಲ್ಲಿ ನಡೆಯುವ ಪಾಯಿಂಟ್-ಟು-ಪಾಯಿಂಟ್ ಪಂದ್ಯಗಳಲ್ಲಿ ನಾಲ್ಕು ವರ್ಷದ ಮರಿಗಳು ಮೂರು ಮೈಲಿ ಓಡಿ ದೊಡ್ಡ ಬೇಲಿಗಳನ್ನೇ ಹಾರುತ್ತವೆ. ಭಾನುವಾರ ಅಲ್ಲಿ ಗೆದ್ದ ಮರಿ ಕೆಲವೇ ದಿನಗಳಲ್ಲಿ ಹರಾಜಿಗೆ ಬಂದು ಲಕ್ಷಗಟ್ಟಲೆ ಪೌಂಡಿಗೆ ಮಾರಾಟವಾಗುವುದುಂಟು. ಫ್ರಾನ್ಸಿನವು ಮೂರನೆಯ ವಯಸ್ಸಿಗೇ ಹಾರುವುದನ್ನು ಕಲಿತಿರುತ್ತವೆ. ಆದುದರಿಂದ ಇಂಗ್ಲೆಂಡಿಗೆ ಬಂದಾಗ ವಯಸ್ಸಿಗೆ ಮೀರಿದ ಅನುಭವ ಅವುಗಳದು. ಮೂರನೆಯ ಪಂಗಡವು ಸಮತಟ್ಟಾದ ಓಟದಲ್ಲಿ ಪಳಗಿ, ಆಮೇಲೆ ಬೇಲಿಯ ಕಡೆಗೆ ತಿರುಗಿದುದು. ಈ ಮೂರನೆಯ ಪಂಗಡದ ವಿಷಯದಲ್ಲಿಯೇ 2025ರ ಮಾರ್ಚ್ 14ರಂದು ಪಂಡಿತರೆಲ್ಲರೂ ಪಾಠ ಕಲಿಯಬೇಕಾಯಿತು.

ಅಂದು ಶುಕ್ರವಾರ, ಟ್ರಯಂಫ್ ಹರ್ಡಲ್. ತಿಂಗಳುಗಳಿಂದ ಚರ್ಚೆಯಾಗುತ್ತಿದ್ದುದು ಎರಡು ಹೆಸರುಗಳು. ಒಂದು ಜೇಮ್ಸ್ ಓವೆನರ ತರಬೇತಿಯ ಈಸ್ಟ್ ಇಂಡಿಯಾ ಡಾಕ್. ಜನವರಿಯಲ್ಲಿ ಇದೇ ಮೈದಾನದಲ್ಲಿ ಗೆದ್ದು ಬಂದಿತ್ತು. ಇನ್ನೊಂದು ನಿಕಿ ಹೆಂಡರ್ಸನ್ನರ ಲುಲಾಂಬ. ಫ್ರಾನ್ಸಿನಿಂದ ಬಂದುದು, ಸೋಲನ್ನೇ ಕಾಣದುದು. ಐರ್ಲೆಂಡಿನ ವಿಲ್ಲಿ ಮಲಿನ್ಸರ ಲಾಯದಿಂದ ಒಂದು ಹಿಂಡೇ ಇಳಿದಿತ್ತು. ಅವುಗಳ ನಡುವೆ ಪೊನೀರೊಸ್ ಎಂಬುದೊಂದು. ಅದು ಅಲ್ಲಿಯವರೆಗೆ ಒಂದೇ ಒಂದು ಹರ್ಡಲ್ ಪಂದ್ಯದಲ್ಲಿಯೂ ಓಡಿರಲಿಲ್ಲ. ಬಾಜಿ ಒಂದಕ್ಕೆ ನೂರು. ಹರ್ಡಲಿನ ಅಂಕಿಗಳನ್ನು ಮಾತ್ರ ಓದುವವರಿಗೆ ಅದು ಬರಿಯ ಖಾಲಿ ಹಾಳೆ. ಪಂದ್ಯ ನಡೆಯಿತು. ಏರಿನಲ್ಲಿ ಲುಲಾಂಬ ಗೆದ್ದಿತೆಂದು ಎಲ್ಲರೂ ಎಣಿಸುತ್ತಿರುವಾಗ ಜಾಂಜೊ ಓನೀಲ್ ಕಿರಿಯರು ಸವಾರಿ ಮಾಡುತ್ತಿದ್ದ ಪೊನೀರೊಸ್ ಬಂದು ಒಂದು ಕತ್ತಿನ ಅಂತರದಿಂದ ಮುಂದಾಯಿತು. ಈಸ್ಟ್ ಇಂಡಿಯಾ ಡಾಕ್ ಮೂರನೆಯದು.

ಇದನ್ನು ಅದೃಷ್ಟವೆಂದು ತಳ್ಳಿಹಾಕುವುದು ಸುಲಭ. ಆದರೆ ಹಾಳೆ ನಿಜವಾಗಿ ಖಾಲಿಯಿತ್ತೇ? ಇಂಗ್ಲೆಂಡಿನ ಸಮತಟ್ಟು ಮೈದಾನಗಳಲ್ಲಿ ರಾಲ್ಫ್ ಬೆಕೆಟ್ಟರ ಬಳಿ ಪಳಗಿ ಆ ಕುದುರೆ ಗಣ್ಯವಾಗಿಯೇ ಓಡಿತ್ತು. ಆ ಪುಟವನ್ನು ತಿರುವಿ ನೋಡಿದವರು ಕಡಿಮೆ. ಕೊನೆಯ ಏರಿನಲ್ಲಿ ಬೇಕಾಗುವ ಎಂಜಿನ್ನು ಅದರ ಮೈಯಲ್ಲಿದ್ದುದು ಗುಟ್ಟೇನೂ ಆಗಿರಲಿಲ್ಲ. ಮನೆಯ ಅಭ್ಯಾಸದಲ್ಲಿ ಹಾರಿದ್ದನ್ನು ಸಾವಿರಾರು ಜನರ ಗದ್ದಲದಲ್ಲಿಯೂ ಹಾರೀತೇ ಎಂಬುದೊಂದೇ ಸಂಶಯ. ನೂರಕ್ಕೆ ಒಂದು ಎಂಬ ಬೆಲೆಯು ಆ ಸಂಶಯಕ್ಕೆ ಕಟ್ಟಿದ ಬೆಲೆಯಾಗಿತ್ತೇ ಹೊರತು ಕುದುರೆಗೆ ಕಟ್ಟಿದುದಲ್ಲ.

ಟ್ರಯಂಫ್ ಪಂದ್ಯದ ಚರಿತ್ರೆಯೇ ಹೀಗೆ ಎರಡು ಅಂಚಿನ ಕತ್ತಿ. ಅದು 1965ರಲ್ಲಿ ಚೆಲ್ಟನ್‌ಹ್ಯಾಮಿಗೆ ಬಂದಿತು. 1967ರಲ್ಲಿ ಅದನ್ನು ಗೆದ್ದ ಪರ್ಷಿಯನ್ ವಾರ್ ಮುಂದಿನ ಮೂರು ವರ್ಷ ಸತತವಾಗಿ ಚಾಂಪಿಯನ್ ಹರ್ಡಲನ್ನೂ ಗೆದ್ದಿತು. 2014ರಲ್ಲಿ ಗೆದ್ದ ಟೈಗರ್ ರೋಲ್ ಗಾತ್ರದಲ್ಲಿ ಚಿಕ್ಕದು. ಸಮತಟ್ಟಿನ ಓಟಕ್ಕೆಂದು ಹುಟ್ಟಿಸಿ, ಒಮ್ಮೆಯೂ ಓಡಿಸದೆ ಹತ್ತು ಸಾವಿರ ಪೌಂಡಿಗೆ ಮಾರಿದ್ದ ಕುದುರೆ. ಋತುಪರ್ಣನೇನಾದರೂ ಕಂಡಿದ್ದರೆ ಅದನ್ನು ಲಾಯಕ್ಕೆ ಹಿಂದಕ್ಕಟ್ಟುತ್ತಿದ್ದನು. ಅದೇ ಪ್ರಾಣಿ 2018ರಲ್ಲಿಯೂ 2019ರಲ್ಲಿಯೂ ಲಿವರ್‌ಪೂಲಿನ ಗ್ರ್ಯಾಂಡ್ ನ್ಯಾಷನಲ್ ಎಂಬ ನಾಲ್ಕು ಮೈಲಿಗೂ ಮೀರಿದ ಮಹಾಪಂದ್ಯವನ್ನು ಗೆದ್ದಿತು.

ಆದರೆ ಇದರ ಇನ್ನೊಂದು ಅಂಚನ್ನೂ ಹೇಳದೆ ಬಿಡಲಾಗದು. ನಾಲ್ಕು ವರ್ಷದ ಮರಿ ತನ್ನ ಓರಗೆಯವರನ್ನು ಸೋಲಿಸಿದೊಡನೆ, ಮರುವರ್ಷ ಅದನ್ನು ಬಲಿತ ಕುದುರೆಗಳ ಚಾಂಪಿಯನ್ ಹರ್ಡಲಿಗೆ ಇಳಿಸುವ ಆಸೆ ಒಡೆಯನಿಗೆ ಹುಟ್ಟುತ್ತದೆ. ಐದನೆಯ ವಯಸ್ಸು ಇದಕ್ಕೆ ಸಾಲದೆಂಬುದು ಹಳೆಯ ಅನುಭವ. 1985ರಲ್ಲಿ ಸೀ ಯೂ ದೆನ್ ಗೆದ್ದ ಬಳಿಕ ಇನ್ನೊಂದು ಐದು ವರ್ಷದ ಕುದುರೆ ಆ ಕಿರೀಟವನ್ನು ಮುಟ್ಟಲು 2008ರವರೆಗೆ ಕಾಯಬೇಕಾಯಿತು. ಅದು ಕ್ಯಾಚಿಟ್, ಹಿಂದಿನ ವರ್ಷದ ಟ್ರಯಂಫ್ ವಿಜೇತ. 2013ರಲ್ಲಿ ಡೆಸ್ಸಿ ಹ್ಯೂಸರ ತರಬೇತಿಯ ಅವರ್ ಕಾನರ್ ಟ್ರಯಂಫನ್ನು 15 ಕುದುರೆಯುದ್ದಗಳಿಂದ ಗೆದ್ದಾಗ, ಇಂಥ ಮರಿಯನ್ನು ಕಂಡೇ ಇಲ್ಲವೆಂದು ಹೇಳಿದವರು ಹಲವರು. ಮರುವರ್ಷ ಅದು ಚಾಂಪಿಯನ್ ಹರ್ಡಲಿಗೆ ಇಳಿಯಿತು. ಮೂರನೆಯ ತಡಿಕೆಯಲ್ಲಿ ಬಿದ್ದಿತು, ಮತ್ತೆ ಏಳಲಿಲ್ಲ. ಅದರ ವಯಸ್ಸು ಆಗ ಐದು.

ಬೀಳುವುದಕ್ಕೆ ವಯಸ್ಸೇ ಕಾರಣವೆಂದು ಸಾಧಿಸಲಾಗದು. ಹಿರಿಯ ಕುದುರೆಗಳೂ ಬೀಳುತ್ತವೆ, ಸಾಯುತ್ತವೆ. ಆದರೂ ಬಾಜಿ ಕಟ್ಟುವವನು ತನ್ನ ಹಣವನ್ನು ಮಾತ್ರ ಪಣಕ್ಕಿಡುತ್ತಾನೆ, ಕುದುರೆಯು ತನ್ನ ಕುತ್ತಿಗೆಯನ್ನು ಇಡುತ್ತದೆ ಎಂಬುದು ಎಳೆಗುದುರೆಗಳ ಯೋಗ್ಯತೆ ಅಳೆಯಲು ಕುಳಿತವನ ಮನಸ್ಸಿನಲ್ಲಿರಬೇಕು. ಅಕ್ಷಹೃದಯ ಬಲ್ಲವರು ಕೇಳುವುದು ಈ ಕುದುರೆ ಗೆದ್ದೀತೇ ಎಂದು. ಇದನ್ನು ಈ ವರ್ಷವೇ ಕಳುಹಿಸಬೇಕೇ ಎಂಬುದು ಅಶ್ವಹೃದಯ ಬಲ್ಲವರ ಪ್ರಶ್ನೆ. ಬೆಸ್ಟ್ ಮೇಟನ್ನು ತರಬೇತಿಗೊಳಿಸಿದ ಹೆನ್ರಿಯೆಟಾ ನೈಟ್ ಅವರು ಅದನ್ನು ವರ್ಷಕ್ಕೆ ಕೆಲವೇ ಬಾರಿ ಓಡಿಸುತ್ತಿದ್ದರು. ಅದಕ್ಕಾಗಿ ಪತ್ರಿಕೆಗಳಲ್ಲಿ ಟೀಕೆಯೂ ಬಂದಿತು. ಮೂರು ಗೋಲ್ಡ್ ಕಪ್ಪುಗಳು ಬಂದ ಮೇಲೆ ಟೀಕೆ ಮೆತ್ತಗಾಯಿತು.

ಫೆಬ್ರವರಿ ಕಳೆಯುವ ಹೊತ್ತಿಗೆ ಪತ್ರಿಕೆಗಳಲ್ಲಿ ‘ಇಂಥ ಕುದುರೆಗೆ ಸ್ವಲ್ಪ ಕೆಮ್ಮು’, ‘ಇಂಥದ್ದು ದೂರದ ಪಂದ್ಯಕ್ಕೆ ಬದಲು’ ಎಂಬ ಸಣ್ಣ ಸುದ್ದಿಗಳು ಬರತೊಡಗುತ್ತವೆ. ಒಂದೇ ಲಾಯದಲ್ಲಿ ಹಲವು ಒಳ್ಳೆಯ ಮರಿಗಳಿದ್ದರೆ ಯಾವುದನ್ನು ಯಾವ ಪಂದ್ಯಕ್ಕೆ ಇಳಿಸುವರೆಂಬುದು ಕೊನೆಯ ದಿನದವರೆಗೂ ತಿಳಿಯದು. 2024ರಲ್ಲಿ ಈ ಹಬ್ಬದ ತಮ್ಮ ನೂರನೆಯ ಗೆಲುವನ್ನು ಕಂಡ ಮಲಿನ್ಸರ ಲಾಯದಲ್ಲಿ ಇದು ಪ್ರತಿ ವರ್ಷದ ಒಗಟು. ಮುಂಚಿತವಾಗಿಯೇ ಹಣ ಕಟ್ಟಿ, ಕುದುರೆ ಕಣಕ್ಕೇ ಬಾರದೆ ಹಣ ಕಳೆದುಕೊಂಡವರ ಸಂಖ್ಯೆ ಚಿಕ್ಕದಲ್ಲ. ಆದುದರಿಂದ ಹಬ್ಬದ ದಿನ ಬೆಳಗ್ಗೆ ನೆಲ ಎಷ್ಟು ಒಣಗಿದೆ ಎಂಬುದನ್ನು ಕೇಳಿಕೊಂಡು, ಪಂದ್ಯಕ್ಕೆ ಮುಂಚೆ ಕುದುರೆಗಳನ್ನು ನಡೆಸುವ ವರ್ತುಲದ ಬಳಿ ಹೋಗಿ ನಿಲ್ಲುವುದು ಲೇಸು. ಕುತ್ತಿಗೆಯಲ್ಲಿ ನೊರೆಯೆದ್ದು, ಜನರ ಸದ್ದಿಗೆ ಬೆದರಿ, ಹಿಡಿದವನನ್ನು ಎಳೆದಾಡುತ್ತಿರುವ ಮರಿಯು ಅರ್ಧ ಪಂದ್ಯವನ್ನು ಅಲ್ಲಿಯೇ ಓಡಿ ಮುಗಿಸಿರುತ್ತದೆ. ಕಿವಿ ನಿಮಿರಿಸಿ, ಉದ್ದನೆಯ ಹೆಜ್ಜೆ ಹಾಕಿ, ಬೆಟ್ಟದ ಕಡೆ ನೋಡುತ್ತ ನಡೆಯುವುದನ್ನು ಗುರುತು ಹಾಕಿಕೊಳ್ಳಬೇಕು. ಅದು ಅಂದು ನಾಲ್ಕನೆಯದಾಗಿ ಬಂದರೂ ಹೆಸರನ್ನು ಒರೆಸಿ ಹಾಕಬಾರದು.